ಅಬ್ಲೇಶನ್ ಆದ್ಮೇಲೆ ಮತ್ತೆ ಸೈಕಲ್ ಹತ್ತೋದು: ತೊಡೆಸಂದಿಯಿಂದ ನಂದಿಬೆಟ್ಟದ ತನಕ

ಸೈಕಲ್ ತುಳಿಯೋ ಗುಂಪಲ್ಲಿ ನಲವತ್ತೈದು ದಾಟಿದವರು ನಾಲ್ಕು ಜನ ಸೇರಿದ್ರೆ ಸಾಕು, ಗೇರು ಟೈರು ಮಾತೆಲ್ಲ ಮುಗಿದ್ಮೇಲೆ ಎದೆಬಡಿತದ ಮಾತು ಬಂದೇ ಬರತ್ತೆ. ಒಬ್ಬರಿಗೆ ಎಸ್‌ವಿಟಿ, ಇನ್ನೊಬ್ಬರಿಗೆ ಫ್ಲಟರ್, ಮತ್ತೊಬ್ಬರಿಗೆ ಏಟ್ರಿಯಲ್ ಫಿಬ್ರಿಲೇಶನ್ ಅಂದ್ರೆ ಎಎಫ್. ಮೂರೂ ಎದೆಬಡಿತದ ವೇಗ, ತಾಳ ಕೆಡೋ ಕಾಯಿಲೆಗಳೇ, ಎಎಫಲ್ಲಂತೂ ತಾಳವೇ ಇರಲ್ಲ. ಇವಕ್ಕೆ ತೊಡೆಸಂದಿಯ ರಕ್ತನಾಳದಿಂದ ಕ್ಯಾತಿಟರ್ ಅನ್ನೋ ಸಣ್ಣ ನಳಿಗೆ ತೂರಿಸಿ, ಹೃದಯದೊಳಗೆ ತೊಂದ್ರೆ ಕೊಡೋ ಜಾಗಕ್ಕೆ ಬೇಕಂತಲೇ ಗಾಯ ಮಾಡಿ ಸುಮ್ಮನಾಗಿಸೋ ಚಿಕಿತ್ಸೆಯೇ ಅಬ್ಲೇಶನ್. ಅಬ್ಲೇಶನ್ ಮಾಡಿಸ್ಕೊಂಡು ಮನೆಗೆ ಬಂದವರ ಡಿಸ್ಚಾರ್ಜ್ ಹಾಳೇಲಿ "ಒಂದು ವಾರ ಭಾರ ಎತ್ತಬೇಡಿ, ನಂತರ ಸಾಮಾನ್ಯ ಚಟುವಟಿಕೆ" ಅಂತ ಒಂದು ಸಾಲು ಇರತ್ತೆ ಅಷ್ಟೇ. ನಮ್ಮಂಥೋರಿಗೆ ಸಾಮಾನ್ಯ ಚಟುವಟಿಕೆ ಅಂದ್ರೆ ಏನು, ಕಬ್ಬನ್ ಪಾರ್ಕಲ್ಲಿ ಎರಡು ರೌಂಡಾ ಅಥವಾ ಭಾನುವಾರ ಬೆಳಗಿನ ಜಾವ ಎದ್ದು ನಂದಿ ಹತ್ತಿ ಬರೋದಾ? ಆ ಸಾಲಲ್ಲಿ ಹೇಳದೇ ಉಳಿದಿದ್ದನ್ನ ಇಲ್ಲಿ ಬರೀತಿದೀನಿ, ನನಗೂ ಎಎಫ್‌ಗೆ ಇದೇ ಆಗಿರೋದ್ರಿಂದ.

ಇದು ಕ್ಯಾತಿಟರ್ ಅಬ್ಲೇಶನ್ ಆದವರಿಗೆ ಮಾತ್ರ. ಪೇಸ್‌ಮೇಕರ್, ಐಸಿಡಿ (ಬಡಿತ ಅಪಾಯಕ್ಕೆ ಹೋದ್ರೆ ಶಾಕ್ ಕೊಡೋ ಸಾಧನ) ಹಾಕಿಸ್ಕೊಂಡವರ ಲೆಕ್ಕವೇ ಬೇರೆ, ಅವರು ಭುಜ ಕೈ ಜೋಪಾನ ಮಾಡ್ಬೇಕು. ಇನ್ನು ನಿಮ್ಮ ಡಾಕ್ಟ್ರು ಇದಕ್ಕಿಂತ ಬೇರೆ ಏನಾದ್ರೂ ಹೇಳಿದ್ರೆ ಅವರ ಮಾತೇ ಕೊನೆ, ನಿಮ್ಮ ಎಕೋ ರಿಪೋರ್ಟ್ ನೋಡಿರೋರು ಅವರು, ನಾನಲ್ಲ.

ಮೂರು ಗಡುವು, ಮೂರೂ ಬೇರೆ ಬೇರೆ

ಎಲ್ಲರೂ ಕೇಳೋದು ಒಂದೇ ಪ್ರಶ್ನೆ, "ಎಷ್ಟು ದಿನ ಬಿಟ್ಟು ಸೈಕಲ್ ತುಳೀಬಹುದು?" ಇದಕ್ಕೆ ಒಂದೇ ನಂಬರ್ ಹೇಳೋಕಾಗಲ್ಲ. ಯಾಕಂದ್ರೆ ಮೂರು ಗಡುವು ಒಟ್ಟಿಗೆ ಓಡ್ತಾ ಇರತ್ತೆ. ಮೊದಲನೇದು ತೊಡೆಸಂದಿ, ಕ್ಯಾತಿಟರ್ ಒಳಗೆ ಹೋಗಿದ್ದು ಅಲ್ಲಿನ ದೊಡ್ಡ ರಕ್ತನಾಳದಿಂದ, ಅದು ಮಾಯೋಕೆ ಒಂದೆರಡು ವಾರ. ಎರಡನೇದು ರಕ್ತ ತೆಳು ಮಾಡೋ ಮಾತ್ರೆ, ಎಎಫ್ ಅಬ್ಲೇಶನ್ ಆದವರು ಕಮ್ಮಿ ಅಂದ್ರೂ ಎರಡು ಮೂರು ತಿಂಗಳು ತಗೋಬೇಕು, ಅಷ್ಟು ದಿನ ಬಿದ್ದು ತಲೆಗೆ ಪೆಟ್ಟಾಗೋದೇ ದೊಡ್ಡ ಭಯ. ಮೂರನೇದು ಹೃದಯದ ಒಳಗಿನ ಗಾಯ. ಕಾಲಿಗೆ ಶಕ್ತಿ ಬಂತು, ಉಸಿರು ಸರಿಯಾಯ್ತು ಅನ್ನೋ ಫೀಲಿಂಗ್ ಇದೆಯಲ್ಲ, ಅದು ಈ ಮೂರರಲ್ಲಿ ಯಾವುದಕ್ಕೂ ಸಂಬಂಧ ಇಲ್ಲ! ಎಎಫ್ ನಿಂತ ಮಾರನೇ ದಿನವೇ ಎಷ್ಟೋ ಜನಕ್ಕೆ ಮೈ ಹಗುರ ಅನ್ಸತ್ತೆ, ತೊಂದ್ರೆ ಶುರುವಾಗೋದೇ ಅಲ್ಲಿಂದ.

ಎಸ್‌ವಿಟಿ, ಡಬ್ಲ್ಯುಪಿಡಬ್ಲ್ಯು (ಹೃದಯದ ಕರೆಂಟಿಗೆ ಹುಟ್ಟಿನಿಂದಲೇ ಇರೋ ಅಡ್ಡದಾರಿ) ಅಂಥವಕ್ಕೆ ಮಾಡೋ ಅಬ್ಲೇಶನ್ ಸಣ್ಣದು, ಒಂದು ಚಿಕ್ಕ ಜಾಗ ಸುಟ್ಟು ಅಡ್ಡದಾರಿ ಬಂದ್ ಮಾಡ್ತಾರೆ, ಬಹುಪಾಲು ಜನಕ್ಕೆ ಅಲ್ಲಿಗೇ ಗುಣ. ಇವರಲ್ಲಿ ಹೆಚ್ಚಿನವರು ತೊಡೆಸಂದಿ ಮಾಯ್ದ ಮೇಲೆ ಡಾಕ್ಟ್ರನ್ನ ಕೇಳ್ಕೊಂಡು ಬೇಗ ಮೊದಲಿನಂತೆ ತುಳಿಯೋಕೆ ಶುರು ಮಾಡ್ತಾರೆ. ಎಎಫ್ ಕತೆ ಹಾಗಲ್ಲ. ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ (ಹೃದಯದ ಮೇಲಿನ ಎಡ ಕೋಣೆ) ರಕ್ತ ತರೋ ರಕ್ತನಾಳಗಳ ಬಾಯಿಂದ ಹುಚ್ಚು ಕರೆಂಟ್ ಹುಟ್ಟತ್ತೆ ಅಂತ ಫ್ರಾನ್ಸಿನ ಬೋರ್ಡೋ ಡಾಕ್ಟ್ರುಗಳು 1998ರಲ್ಲಿ ತೋರಿಸಿಕೊಟ್ಟರು, ಅವತ್ತಿಂದ ಆ ಬಾಯಿಗಳ ಸುತ್ತ ಉಂಗುರದ ಥರ ಗಾಯ ಮಾಡಿ ಕರೆಂಟ್ ಆಚೆ ದಾಟದಂಗೆ ಮಾಡೋದೇ ಎಎಫ್ ಅಬ್ಲೇಶನ್ನಿನ ಮುಖ್ಯ ಕೆಲಸ. ಬಿಸಿ ಮಾಡಿ ಸುಡ್ತಾರೆ, ಇಲ್ಲ ಬಲೂನ್ ಇಟ್ಟು ಹೆಪ್ಪುಗಟ್ಟಿಸ್ತಾರೆ, ಈಗೀಗ ಪಲ್ಸ್‌ಡ್ ಫೀಲ್ಡ್ ಅಂತ ಎಲೆಕ್ಟ್ರಿಕ್ ಪಲ್ಸ್ ಕೊಡೋದೂ ಬಂದಿದೆ. ಯಾವ ರೀತೀಲಿ ಮಾಡಿದ್ರೂ ಒಳಗೆ ಊತ ಇರತ್ತೆ, ಗಾಯ ಕಲೆಯಾಗಿ ಗಟ್ಟಿಯಾಗೋಕೆ ವಾರಗಟ್ಟಲೆ ಬೇಕು. ಹೊಸದಾಗಿ ಸ್ಲ್ಯಾಬ್ ಹಾಕಿ ಕ್ಯೂರಿಂಗಿಗೆ ಬಿಡ್ತೀವಲ್ಲ, ಮೇಲೆ ಗಟ್ಟಿ ಕಂಡ್ರೂ ಲೋಡ್ ಹಾಕಲ್ಲ, ಹಾಗೆ.

ಮೊದಲ ವಾರ: ಸೈಕಲ್ ಕಡೆ ನೋಡೋದೇ ಬೇಡ

ಈ ವಾರ ನಡಿಗೆ ಮಾತ್ರ. ಮನೆಯೊಳಗೆ, ಆಮೇಲೆ ಬೀದಿ ಕೊನೆ ತನಕ, ಸಮತಟ್ಟಾಗಿರೋ ಕಡೆ. ನಾಲ್ಕೈದು ಕೆಜಿಗಿಂತ ಜಾಸ್ತಿ ಭಾರ ಎತ್ತಬಾರದು ಅಂತಾರೆ, ಅದನ್ನ ಜಿಮ್ಮಿಗೆ ಸಂಬಂಧಪಟ್ಟಿದ್ದು ಅಂದ್ಕೋತೀವಿ ನಾವು. ನಿಜವಾಗಿ ಎಡವಟ್ಟಾಗೋದು ಮನೇಲಿ. 20 ಲೀಟರ್ ನೀರಿನ ಕ್ಯಾನ್ ಎತ್ತಿ ಡಿಸ್ಪೆನ್ಸರ್ ಮೇಲೆ ಬೋರಲು ಹಾಕೋದು, ಗ್ಯಾಸ್ ಸಿಲಿಂಡರ್ ಜರುಗಿಸೋದು, ಸ್ಕೂಟರನ್ನ ಡಬಲ್ ಸ್ಟ್ಯಾಂಡ್ ಹಾಕೋದು, ಕಿಕ್ ಹೊಡೆಯೋದು. ಅದರ ಜೊತೆ ಲಿಫ್ಟ್ ಇಲ್ಲದ ಬಿಲ್ಡಿಂಗಲ್ಲಿ ಸೈಕಲ್ ಹೆಗಲ ಮೇಲೆ ಹೊತ್ಕೊಂಡು ಮೂರನೇ ಮಹಡಿ ಹತ್ತೋದು, ಇದನ್ನ ಸೈಕಲ್ ತುಳಿಯೋರು ಲೆಕ್ಕಕ್ಕೇ ಇಡಲ್ಲ. ತುಳಿಯೋದಕ್ಕಿಂತ ಮೊದಲು ತೊಡೆಸಂದಿಗೆ ಏಟು ಕೊಡೋದು ಇದೇ, ಹಂಗಾಗಿ ಸೈಕಲನ್ನ ಆ ದಿನಗಳಲ್ಲಿ ಕೆಳಗೇ ವಾಚ್‌ಮನ್ ಹತ್ರ ಬಿಡಿ.

ಕುಕ್ಕರಗಾಲಲ್ಲಿ ಕೂರೋದೂ ಬೇಡ. ಇಂಡಿಯನ್ ಟಾಯ್ಲೆಟ್ ಇರೋ ಮನೆಯಾದ್ರೆ ಒಂದು ಪ್ಲಾಸ್ಟಿಕ್ ಕಮೋಡ್ ಸ್ಟೂಲ್ ತಂದಿಟ್ಕೊಳ್ಳಿ, ನಾಚಿಕೆ ಏನೂ ಬೇಡ. ಮುಕ್ಕಿರಿದು ಒತ್ತಡ ಹಾಕೋದೂ ಅಷ್ಟೇ ಕೆಟ್ಟದ್ದು, ನೀರು ಹಣ್ಣು ಸೊಪ್ಪು ಚೆನ್ನಾಗಿ ತಗೊಳ್ಳಿ.

ದಿನಾ ಸ್ನಾನದ ಹೊತ್ತಲ್ಲಿ ಚುಚ್ಚಿದ ಜಾಗ ಒಂದು ಸಲ ಕನ್ನಡಿ ಹಿಡಿದು ನೋಡಿ, ಬೆರಳಿಂದ ಸವರಿ ನೋಡಿ. ನೀಲಿಗಟ್ಟಿ ಆಮೇಲೆ ಹಸಿರು ಹಳದಿ ಆಗಿ ತೊಡೆ ಕೆಳಗೆ ಇಳಿಯೋದು ಮಾಮೂಲು, ನೋಡೋಕೆ ಭಯಂಕರ ಇರತ್ತೆ ಆದ್ರೆ ತೊಂದ್ರೆ ಇಲ್ಲ. ಕಡಲೆಕಾಳಿನಷ್ಟು ಗಂಟು ಕೈಗೆ ಸಿಗೋದೂ ಸಾಮಾನ್ಯ. ಆ ಗಂಟು ದಿನದಿಂದ ದಿನಕ್ಕೆ ದೊಡ್ಡದಾಗ್ತಿದ್ರೆ, ಮುಟ್ಟಿದ್ರೆ ಒಳಗೆ ಮಿಡಿಯೋ ಥರ ಇದ್ರೆ, ನೋವು ಜಾಸ್ತಿ ಆಗ್ತಿದ್ರೆ, ಆ ಕಾಲಿನ ಪಾದ ತಣ್ಣಗಾದ್ರೆ, ಮೀನಖಂಡ ಊದಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ ರಕ್ತನಾಳ ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ರಕ್ತ ಸುರಿಯೋಕೆ ಶುರುವಾದ್ರೆ ನಿಂತ್ಕೊಂಡು ನೋಡ್ತಾ ಇರ್ಬೇಡಿ, ಅಂಗಾತ ಮಲಗಿ, ಮನೆಯವರಿಗೆ ಗಟ್ಟಿಯಾಗಿ ಹತ್ತು ನಿಮಿಷ ಒತ್ತಿ ಹಿಡಿಯೋಕೆ ಹೇಳಿ, ಮಧ್ಯ ಮಧ್ಯ ಕೈ ತೆಗೆದು ನಿಂತಿದ್ಯಾ ಅಂತ ನೋಡ್ಬಾರದು. ರಭಸವಾಗಿ ಬರ್ತಿದ್ರೆ, ಇಲ್ಲ ಹತ್ತು ನಿಮಿಷಕ್ಕೂ ನಿಲ್ಲದಿದ್ರೆ 108.

ಮೊದಲ ಸಲ ಸೀಟ್ ಮೇಲೆ

ತೊಡೆಸಂದಿ ಒಣಗಿ, ಮೆಟ್ಟಿಲು ಹತ್ತಿದ್ರೆ ಎಳೆತ ಇಲ್ಲ ಅಂದ್ಮೇಲೆ, ಡಾಕ್ಟ್ರು ಹೂಂ ಅಂದ್ಮೇಲೆ, ಸಾಮಾನ್ಯವಾಗಿ ಎರಡನೇ ವಾರದಲ್ಲಿ, ಟ್ರೈನರ್ (ಮನೆಯೊಳಗೆ ಸೈಕಲ್ ನಿಲ್ಲಿಸಿ ನಿಂತಲ್ಲೇ ತುಳಿಯೋ ಸ್ಟ್ಯಾಂಡ್) ಮೇಲೆ ಶುರು ಮಾಡಿ. ಟ್ರೈನರ್ ಇಲ್ದಿದ್ರೆ ಅಪಾರ್ಟ್‌ಮೆಂಟ್ ಒಳಗಿನ ರಸ್ತೆ ಅಥವಾ ಗಾಡಿ ಓಡಾಡದ ಪಾರ್ಕ್. ಬೆಂಗಳೂರಲ್ಲಿರೋರಿಗೆ ಭಾನುವಾರ ಕಬ್ಬನ್ ಪಾರ್ಕಿನ ಒಳರಸ್ತೆ ಇದಕ್ಕೆ ಹೇಳಿ ಮಾಡಿಸಿದ ಜಾಗ. 20 ನಿಮಿಷ, ಹಗುರ ಗೇರು, ಅಷ್ಟೇ.

ಸೈಕಲ್ ಹತ್ತೋದೇ ಒಂದು ಕಲೆ ಈಗ. ಕಾಲನ್ನ ಹಿಂದಿನಿಂದ ಎತ್ತಿ ಬೀಸಿ ಹಾಕೋ ಅಭ್ಯಾಸ ನಮಗೆ, ಆಗ ಪೂರ್ತಿ ಜಗ್ಗೋದು ತೊಡೆಸಂದಿಯನ್ನೇ. ಸೈಕಲನ್ನ ನಿಮ್ಮ ಕಡೆಗೆ ಚೆನ್ನಾಗಿ ವಾಲಿಸಿ, ಕಂಬಿ ಮೇಲಿಂದ ಕಾಲು ನಿಧಾನಕ್ಕೆ ದಾಟಿಸಿ. ಇನ್ನೂ ಸುಲಭ ಬೇಕಾ, ಮನೇಲಿ ಮಗಳದೋ ಹೆಂಡ್ತೀದೋ ಲೇಡೀಸ್ ಸೈಕಲ್ ಇದ್ರೆ ಎರಡು ವಾರ ಅದನ್ನೇ ತುಳೀರಿ, ಅಡ್ಡ ಕಂಬಿ ಇರಲ್ಲ, ನೆಟ್ಟಗೆ ಕೂತ್ಕೋತೀರ, ಬಗ್ಗೋ ಪ್ರಮೇಯವೇ ಇಲ್ಲ. ಕಾರ್ಬನ್ ರೋಡ್ ಬೈಕ್ ಇಟ್ಕೊಂಡವರಿಗೆ ಇದು ಮರ್ಯಾದೆ ಪ್ರಶ್ನೆ ಅಂತ ಗೊತ್ತು, ಇರ್ಲಿ ಬಿಡಿ. ಡ್ರಾಪ್ ಹ್ಯಾಂಡಲಲ್ಲಿ ಬಗ್ಗಿ ಕೂತಾಗ ಪ್ರತಿ ಸುತ್ತಿಗೂ ತೊಡೆ ಹೊಟ್ಟೆಗೆ ಮಡಚ್ಕೊಂಡು ಚುಚ್ಚಿದ ಜಾಗವನ್ನೇ ಒತ್ತತ್ತೆ, ಬಿಬ್ ಶಾರ್ಟ್ಸಿನ ಹೊಲಿಗೆಯೂ ಅಲ್ಲೇ ಬರತ್ತೆ. ಅದೇ ಬೈಕ್ ಬೇಕೇ ಬೇಕು ಅಂದ್ರೆ ಹ್ಯಾಂಡಲ್ ಮೇಲ್ಗಡೆ ಹಿಡ್ಕೊಳ್ಳಿ, ಪೆಡಲಿಗೆ ಕಚ್ಕೊಳ್ಳೋ ಕ್ಲೀಟ್ ಶೂ ಬಿಟ್ಟು ಮಾಮೂಲಿ ಶೂ ಹಾಕಿ. ಕ್ಲೀಟ್ ಬಿಚ್ಚೋಕೆ ಹಿಮ್ಮಡಿ ತಿರುಚ್ತೀವಲ್ಲ, ಅದೂ ತೊಡೆಸಂದಿ ತನಕ ಎಳೆಯತ್ತೆ, ಸಿಗ್ನಲಲ್ಲಿ ಬಿಚ್ಚದೇ ಬಿದ್ರಂತೂ ಮುಂದಿನ ವಿಷಯ ಇದೆ.

ಮಾತ್ರೆ ಮತ್ತು ಬೀಳೋ ವಿಷಯ

ಎಪಿಕ್ಸಬಾನ್, ಡಬಿಗಟ್ರಾನ್, ರಿವರಾಕ್ಸಬಾನ್, ಹಳೇ ಅಸಿಟ್ರೋಮ್, ಯಾವುದೇ ಇರ್ಲಿ, ಒಂದು ಡೋಸೂ ತಪ್ಪಿಸ್ಬೇಡಿ. ಹಸಿ ಗಾಯದ ಮೇಲೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಾರದು ಅಂತ ಕೊಡೋ ಮಾತ್ರೆ ಅದು. "ಇವತ್ತು ರೈಡ್ ಇದೆ, ಬಿದ್ರೆ ಕಷ್ಟ, ಮಾತ್ರೆ ನಾಳೆ ತಗೋತೀನಿ" ಅನ್ನೋ ಲೆಕ್ಕಾಚಾರ ಕೆಲವರು ಮಾಡ್ತಾರೆ, ದಯವಿಟ್ಟು ಬೇಡ, ಬೀಳೋ ಭಯ ಇದ್ರೆ ರೈಡ್ ಬಿಡಿ. ಎಎಫಿಗೆ ಕೊಡೋ ರಿವರಾಕ್ಸಬಾನ್ 15, 20 ಮಿಲಿಗ್ರಾಂ ಆದ್ರೆ ಊಟದ ಜೊತೇನೇ ತಗೋಬೇಕು, ಖಾಲಿ ಹೊಟ್ಟೇಲಿ ನುಂಗಿ ಬೆಳಗ್ಗೆ ಐದಕ್ಕೆ ಹೊರಟ್ರೆ ಅದು ಮೈಗೆ ಸರಿಯಾಗಿ ಹತ್ತಲ್ಲ.

ಮೈಕೈ ನೋವು ಅಂತ ಮೆಡಿಕಲ್ ಶಾಪಲ್ಲಿ ಕಾಂಬಿಫ್ಲಾಮ್ ಇಸ್ಕೊಳ್ಳೋ ಚಟ ಇದ್ರೆ ಅದನ್ನೂ ನಿಲ್ಲಿಸಿ, ಅದರಲ್ಲಿ ಐಬುಪ್ರೊಫೆನ್ ಇರತ್ತೆ. ಡೈಕ್ಲೊಫಿನಾಕ್ ಕೂಡ ಹಂಗೇ. ರಕ್ತ ತೆಳು ಮಾಡೋ ಮಾತ್ರೆ ಜೊತೆ ಇವು ಸೇರಿದ್ರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗೋ ಅಪಾಯ ಜಾಸ್ತಿ. ಬೇಕಾದ್ರೆ ಬರೀ ಪ್ಯಾರಾಸಿಟಮಾಲ್, ಅದೂ ಕೇಳಿ.

ಈ ತಿಂಗಳುಗಳಲ್ಲಿ ಕತ್ತಲೆ ರೈಡ್ ಬೇಡ, ಮಳೆ ನೀರು ನಿಂತು ಗುಂಡಿ ಮುಚ್ಚಿಹೋಗಿರೋ ರಸ್ತೆ ಬೇಡ, ತುರಹಳ್ಳಿ ಕಾಡಿನ ಕಲ್ಲುದಾರಿ ಬೇಡ, ಒಬ್ಬರ ಚಕ್ರಕ್ಕೆ ಒಬ್ಬರು ಅಂಟ್ಕೊಂಡು ಹೋಗೋ ಗ್ರೂಪ್ ರೈಡಂತೂ ಬೇಡವೇ ಬೇಡ. ಬೀದಿನಾಯಿ ಅಟ್ಟಿಸ್ಕೊಂಡು ಬಂದ್ರೆ ಸ್ಪ್ರಿಂಟ್ ಹೊಡೆಯೋದು ಬಿಟ್ಟು ಇಳಿದು ಸೈಕಲ್ ಅಡ್ಡ ಇಟ್ಕೊಂಡು ನಿಂತ್ಕೊಳ್ಳಿ, ಬಹಳ ಸಲ ಅಲ್ಲಿಗೇ ಸುಮ್ಮನಾಗತ್ತೆ. ಹೆಲ್ಮೆಟ್ ಬಗ್ಗೆ ಹೇಳೋದೇ ಬೇಡ. ಬಿದ್ದು ತಲೆಗೆ ಪೆಟ್ಟು ಬಿತ್ತು ಅಂದ್ರೆ ಎದ್ದು ಧೂಳು ಕೊಡವಿ "ಏನೂ ಆಗಿಲ್ಲ" ಅಂತ ಮನೆಗೆ ಹೋಗ್ಬೇಡಿ, ಒಳಗೆ ನಿಧಾನಕ್ಕೆ ರಕ್ತ ಸೋರಿ ಗಂಟೆಗಟ್ಟಲೆ ಆದ್ಮೇಲೆ ಗೊತ್ತಾಗೋ ಸಾಧ್ಯತೆ ಇರತ್ತೆ, ಸೀದಾ ಹೋಗಿ ಸಿಟಿ ಸ್ಕ್ಯಾನ್. ಜೇಬಲ್ಲಿ ಒಂದು ಚೀಟಿ ಇರ್ಲಿ: ಹೆಸರು, ಮಾತ್ರೆ ಹೆಸರು, ಡೋಸು, ಅಬ್ಲೇಶನ್ ಆದ ತಾರೀಖು, ಮನೆ ನಂಬರ್. ಫೋನ್ ಲಾಕ್ ಆಗಿರತ್ತೆ, ಚೀಟಿಗೆ ಲಾಕ್ ಇಲ್ಲ.

ಹಾರ್ಟ್ ರೇಟ್ ಮೀಟರ್ ನೋಡಿ ಗಾಬರಿ ಆಗೋ ಮುಂಚೆ

ಎಎಫ್ ಅಬ್ಲೇಶನ್ ಆದವರಲ್ಲಿ ಬಹಳ ಜನಕ್ಕೆ ಸುಮ್ಮನೆ ಕೂತಾಗಿನ ಬಡಿತವೇ ಏರಿರತ್ತೆ. ಮೊದಲು 50ರ ಆಸುಪಾಸಲ್ಲಿ ಇರ್ತಿದ್ದವರು ಬೆಳಗ್ಗೆ ಎದ್ದು ನೋಡಿದ್ರೆ 60, 65. ಫಿಟ್‌ನೆಸ್ ಎಲ್ಲಾ ಹೋಯ್ತು ಅಂತ ತಲೆ ಮೇಲೆ ಕೈ ಹೊತ್ಕೋಬೇಡಿ. ಬಡಿತವನ್ನ ಇಳಿಸೋ ವೇಗಸ್ ನರದ ಗಂಟುಗಳು ಆ ರಕ್ತನಾಳಗಳ ಬಾಯಿ ಹತ್ರವೇ ಇವೆ, ಅಬ್ಲೇಶನ್ ಮಾಡುವಾಗ ಅವಕ್ಕೂ ಸ್ವಲ್ಪ ಬಿಸಿ ತಾಗಿರತ್ತೆ, ಬ್ರೇಕ್ ಸಡಿಲ ಆಗಿರತ್ತೆ ಅಷ್ಟೇ. ತಿಂಗಳುಗಳು ಕಳೆದ ಹಾಗೆ ಇಳಿಯತ್ತೆ, ಕೆಲವರಿಗೆ ಸ್ವಲ್ಪ ಏರಿದ್ದು ಹಾಗೇ ಉಳಿಯೋದೂ ಉಂಟು.

ಇದಕ್ಕೆ ತದ್ವಿರುದ್ಧ ಬೀಟಾ ಬ್ಲಾಕರ್, ಮೆಟೊಪ್ರೊಲಾಲ್ ಬೈಸೊಪ್ರೊಲಾಲ್ ಅಂತ ಬರೆದುಕೊಟ್ಟಿದ್ರೆ ಎಷ್ಟೇ ಒದ್ದಾಡಿದ್ರೂ ಬಡಿತ ಮೇಲೆ ಹೋಗಲ್ಲ, ಕಾಲು ಮಾತ್ರ ಭಾರ ಭಾರ. ಅಂದ್ರೆ ಇಷ್ಟು ಬಡಿತಕ್ಕೆ ಹಗುರ, ಇಷ್ಟಕ್ಕೆ ಜೋರು ಅಂತ ಹಾಕ್ಕೊಂಡಿದ್ದ ಹಳೇ ಝೋನುಗಳು ಈಗ ಸುಳ್ಳು. ಅವನ್ನ ಮುಚ್ಚಿಟ್ಟು ಮಾತಾಡಿ ನೋಡಿ: ಪೂರ್ತಿ ವಾಕ್ಯ ಉಸಿರು ತಗೊಳ್ದೆ ಹೇಳೋಕಾದ್ರೆ ಹಗುರ, ಎರಡು ಮೂರು ಪದಕ್ಕೆ ಉಸಿರು ಬೇಕು ಅಂದ್ರೆ ಜಾಸ್ತಿ ಆಯ್ತು. ಮೊದಲ ಎರಡು ತಿಂಗಳಿಗೆ ಇದೊಂದೇ ಮೀಟರ್ ಸಾಕು.

ಮೀಟರ್ ಸುಳ್ಳು ಹೇಳೋದೂ ಉಂಟು ಅನ್ನೋದು ನೆನಪಿರ್ಲಿ. ಎದೆಗೆ ಕಟ್ಟೋ ಸ್ಟ್ರಾಪ್ ಒಣಗಿದ್ರೆ, ಜೆರ್ಸಿ ಗಾಳಿಗೆ ಪಟಪಟ ಅಂತಿದ್ರೆ ಇದ್ದಕ್ಕಿದ್ದ ಹಾಗೆ 200 ತೋರ್ಸತ್ತೆ, ಕೈಗಡಿಯಾರ ಪೆಡಲ್ ಸುತ್ತಿನ ಲೆಕ್ಕವನ್ನೇ ಬಡಿತ ಅಂತ ಹಿಡಿಯೋದೂ ಇದೆ. ಅನುಮಾನ ಬಂದ್ರೆ ನಿಲ್ಲಿಸಿ, ಕತ್ತಿನ ಪಕ್ಕ ಅಥವಾ ಮಣಿಕಟ್ಟಲ್ಲಿ ನಾಡಿ ಹಿಡೀರಿ. ವೇಗವಾಗಿದ್ರೂ ಒಂದೇ ತಾಳದಲ್ಲಿ ಬಡ್ಕೊಂಡು ಮೆಲ್ಲಗೆ ಇಳೀತಾ ಇದ್ರೆ ಒಂದು ಲೆಕ್ಕ, ತಾಳವೇ ಇಲ್ಲದೆ ಎಡವಟ್ಟಾಗಿ ಬಡೀತಿದ್ರೆ ಇನ್ನೊಂದು ಲೆಕ್ಕ. ಇಸಿಜಿ ತೆಗೆಯೋ ವಾಚ್ ಇದ್ರೆ ಆಗಲೇ 30 ಸೆಕೆಂಡ್ ರೆಕಾರ್ಡ್ ಮಾಡಿ ಇಟ್ಕೊಳ್ಳಿ, ಡಾಕ್ಟ್ರಿಗೆ ನಿಮ್ಮ ವರ್ಣನೆಗಿಂತ ಆ ಗೆರೆಗಳೇ ಉಪಯೋಗ.

ವಾರದ ಲೆಕ್ಕ

ಎಎಫ್ ಅಬ್ಲೇಶನ್ ಆದವರಿಗೆ ಜೋಪಾನದ ಲೆಕ್ಕ ಇದು, ಕಾನೂನೇನಲ್ಲ. ಎರಡನೇ ವಾರ 20 ರಿಂದ 30 ನಿಮಿಷ ಟ್ರೈನರ್, ದಿನ ಬಿಟ್ಟು ದಿನ. ಮೂರು, ನಾಲ್ಕನೇ ವಾರ ರಸ್ತೆ, ಸಮತಟ್ಟು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಮನೆಯಿಂದ ತುಂಬಾ ದೂರ ಹೋಗದೆ ಅಲ್ಲೇ ಸುತ್ತು ಹಾಕೋದು, ಸಾಕು ಅನ್ಸಿದ್ರೆ ಆಟೋದಲ್ಲಿ ವಾಪಸ್ ಬರೋ ಹಾಗಿರಬೇಕು. ಐದರಿಂದ ಎಂಟನೇ ವಾರದ ತನಕ ಹೊತ್ತನ್ನ ಮಾತ್ರ ಬೆಳೆಸಿ, ಒಂದೂವರೆ ಎರಡು ಗಂಟೆ, ಫ್ಲೈಓವರ್ ಥರದ ಸಣ್ಣ ಏರು ಸಿಕ್ರೆ ಸಣ್ಣ ಗೇರಲ್ಲಿ ಕೂತೇ ಹತ್ತಿ. ಹೊತ್ತು ಮೊದಲು, ವೇಗ ಕೊನೇಲಿ. ಈ ಎರಡು ತಿಂಗಳಲ್ಲಿ ಸ್ಪ್ರಿಂಟ್, ಇಂಟರ್ವಲ್, ಸ್ಟ್ರಾವಾ ಆ್ಯಪಿನ ಸೆಗ್ಮೆಂಟ್ ದಾಖಲೆಗಳ ಹಿಂದೆ ಓಡೋದು ಯಾವುದೂ ಇಲ್ಲ.

ಈ ಅವಧೀಲಿ ಎದೆ ಆಗಾಗ ಧಸಕ್ ಅನ್ನೋದು, ಒಂದು ಬಡಿತ ತಪ್ಪಿದಂಗಾಗೋದು, ಸ್ವಲ್ಪ ಹೊತ್ತು ಎಎಫೇ ವಾಪಸ್ ಬರೋದು ಎಲ್ಲಾ ಆಗಬಹುದು. ಡಾಕ್ಟ್ರುಗಳು ಇದನ್ನ ಬ್ಲ್ಯಾಂಕಿಂಗ್ ಪೀರಿಯಡ್ ಅಂತಾರೆ, ಮೊದಲು ಮೂರು ತಿಂಗಳು ಅಂತಿತ್ತು, 2024ರ ಅಂತರರಾಷ್ಟ್ರೀಯ ತಜ್ಞರ ಸಮ್ಮತಿ ಪತ್ರದಲ್ಲಿ ಎಂಟು ವಾರಕ್ಕೆ ಇಳಿಸಿದಾರೆ. ಗಾಯದ ಊತದಿಂದಲೂ ಹೀಗಾಗೋದ್ರಿಂದ ಅಷ್ಟರೊಳಗೆ ಬಂದಿದ್ದನ್ನ ಫೇಲ್ ಅಂತ ಬರೆಯಲ್ಲ. ಫೋನ್ ಮಾಡಿ ತಿಳಿಸಿ, ಡೈರೀಲಿ ಬರೆದಿಡಿ: ಯಾವತ್ತು, ಏನ್ ಮಾಡ್ತಿದ್ದಾಗ, ಎಷ್ಟು ಹೊತ್ತು, ಹಿಂದಿನ ರಾತ್ರಿ ನಿದ್ದೆ ಊಟ ಹೇಗಿತ್ತು. ತಡರಾತ್ರಿ ಹೊಟ್ಟೆ ಬಿರಿಯೋ ಊಟ, ಬೆವರು ಸುರಿದ್ಮೇಲೆ ಗಟಗಟ ಐಸ್ ನೀರು, ಇವೆರಡು ನನ್ನ ಡೈರೀಲಿ ಪದೇ ಪದೇ ಬಂದವು. ನಿಮ್ಮದರಲ್ಲಿ ಬೇರೆ ಏನೋ ಇರಬಹುದು.

ರೈಡ್ ಮಧ್ಯೆ ತಾಳ ತಪ್ಪಿದ್ರೆ ಇಳೀರಿ, ನೆರಳಲ್ಲಿ ಕೂತ್ಕೊಳ್ಳಿ, ಸ್ವಲ್ಪ ಸ್ವಲ್ಪ ನೀರು ಕುಡೀರಿ. ಸರಿಹೋದ್ರೂ ಅವತ್ತಿಗೆ ಅಷ್ಟೇ ಸಾಕು, ತುಳ್ಕೊಂಡು ಮನೆಗೆ ಹೋಗೋ ಹಠ ಬೇಡ. ಎದೆನೋವು, ಕಣ್ಣು ಕತ್ತಲೆ, ತಲೆ ತಿರುಗಿ ಬೀಳೋ ಹಾಗಾಗೋದು, ಕೂತ್ರೂ ಇಳೀದ ಏದುಸಿರು ಇದ್ರೆ 108. ಮುಖ ಸೊಟ್ಟಗಾದ್ರೆ, ಒಂದು ಕೈ ಸ್ವಾಧೀನ ತಪ್ಪಿದ್ರೆ, ಮಾತು ತೊದಲಿದ್ರೆ ಒಂದು ನಿಮಿಷವೂ ಕಾಯೋದು ಬೇಡ.

ಇನ್ನೊಂದು ಅಪರೂಪದ್ದು, ಆದ್ರೆ ಗೊತ್ತಿರಲೇಬೇಕಾದ್ದು. ಅನ್ನನಾಳ ಎಡ ಹೃತ್ಕರ್ಣದ ಬೆನ್ನಿಗೇ ಅಂಟ್ಕೊಂಡಂಗೆ ಹಾದುಹೋಗತ್ತೆ, ಸುಡೋ ಅಬ್ಲೇಶನ್ನಲ್ಲಿ ಅದಕ್ಕೂ ಬಿಸಿ ತಾಗಿ ತೂತಾಗೋ ಸಾಧ್ಯತೆ ತೀರಾ ಕಮ್ಮಿ ಆದ್ರೂ ಇದೆ, ಆದ್ರೆ ಜೀವಕ್ಕೇ ಕುತ್ತು. ಗೊತ್ತಾಗೋದು ಸಾಮಾನ್ಯವಾಗಿ ಒಂದರಿಂದ ಎಂಟು ವಾರದೊಳಗೆ, ಅಂದ್ರೆ ನೀವು ಆರಾಮಾಗಿ ಸೈಕಲ್ ತುಳೀತಾ ಇರೋ ಟೈಮಲ್ಲಿ. ಜ್ವರ ಚಳಿ, ನುಂಗಿದ್ರೆ ನೋವು, ಎದೆನೋವು. ಮಳೆಗಾಲದಲ್ಲಿ ಬಂದ್ರೆ ವೈರಲ್ ಅಂದ್ಕೊಂಡು ಪಕ್ಕದ ಕ್ಲಿನಿಕ್ಕಿಗೆ ಹೋಗ್ತೀವಿ, ಅವರಿಗೆ ನಿಮ್ಮ ಅಬ್ಲೇಶನ್ ವಿಷಯ ಗೊತ್ತಿರಲ್ಲ. ಹಾಗಾಗಿ ಜ್ವರ ಬಂದ್ರೆ ಅಬ್ಲೇಶನ್ ಮಾಡಿದ ತಂಡಕ್ಕೇ ಫೋನ್ ಮಾಡಿ. ಇದಕ್ಕೆ ಎದೆಯ ಸಿಟಿ ಸ್ಕ್ಯಾನ್ ಬೇಕು, ಎಂಡೋಸ್ಕೋಪಿ ಮಾಡಿದ್ರೆ ಗಾಳಿ ಒಳಗೆ ಹೋಗಿ ಇನ್ನೂ ಅಪಾಯ. ಬೇರೆ ಆಸ್ಪತ್ರೇಲಿ ಎಂಡೋಸ್ಕೋಪಿ ಮಾತು ಎತ್ತಿದ್ರೆ "ನನಗೆ ಎಎಫ್ ಅಬ್ಲೇಶನ್ ಆಗಿದೆ, ನಮ್ಮ ಡಾಕ್ಟ್ರ ಹತ್ರ ಮಾತಾಡಿ" ಅಂತ ಮೊದಲು ಹೇಳಿ.

ಎರಡು ತಿಂಗಳಾದ್ಮೇಲೆ

ಫಾಲೋಅಪ್ಪಿಗೆ ಹೋದಾಗ ಡೈರಿ ಜೊತೆ ತಗೊಂಡೋಗಿ, ಹೋಲ್ಟರ್ (ದಿನವಿಡೀ ಬಡಿತ ರೆಕಾರ್ಡ್ ಮಾಡೋ ಪುಟ್ಟ ಯಂತ್ರ) ಕಟ್ಟೋದಾದ್ರೆ ಅದನ್ನ ಕಟ್ಕೊಂಡೇ ಒಂದು ಹಗುರ ರೈಡ್ ಮಾಡ್ಬಹುದಾ ಕೇಳಿ, ಸೋಫಾ ಮೇಲೆ ಕೂತ ರೆಕಾರ್ಡಿಂಗಿಂದ ಸೈಕಲ್ ಮೇಲಿನ ಕತೆ ಗೊತ್ತಾಗಲ್ಲ. ಟ್ರೆಡ್‌ಮಿಲ್ ಟೆಸ್ಟ್ ಬೇಕಾ ಅಂತಾನೂ ಕೇಳಿ. ಎಲ್ಲಾ ಕ್ಲಿಯರ್ ಇದ್ರೆ ವಾರಕ್ಕೆ ಒಂದು ಸಲ ಸ್ವಲ್ಪ ಗಟ್ಟಿ ತುಳಿತ ಸೇರಿಸಿ, ಎರಡು ನಿಮಿಷ ಜೋರು ನಾಲ್ಕು ನಿಮಿಷ ಹಗುರ ಈ ಥರ. ಅದು ಒಗ್ಗಿದ ಮೇಲೆ, ಮೂರು ತಿಂಗಳು ದಾಟಿದ ಮೇಲೆ ನಂದಿ. ಬುಡದಿಂದ ಏಳೆಂಟು ಕಿ.ಮೀ. ಬಿಡದೇ ಏರು, ಮೇಲೆ ಹೋದಂಗೆ ಕಡಿದಾಗತ್ತೆ, ಮೊದಲ ಸಲ ಅರ್ಧಕ್ಕೆ ತಿರುಗಿ ಬಂದ್ರೂ ಪರ್ವಾಗಿಲ್ಲ. ಮೈಸೂರಿನೋರಿಗೆ ಚಾಮುಂಡಿ ಬೆಟ್ಟ ಇದಕ್ಕಿಂತ ಗಿಡ್ಡ, ಅದೇ ವಾಸಿ. ಮಾತ್ರೆ ಇನ್ನೂ ನಡೀತಿದ್ರೆ ಇಳಿಯುವಾಗ ಬ್ರೇಕ್ ಮೇಲೆ ಕೈ ಇರ್ಲಿ.

ಆ ಮಾತ್ರೆ ಯಾವಾಗ ನಿಲ್ಲಿಸೋದು ಅನ್ನೋದು ನಿಮ್ಮ ರಿದಮ್ ಎಷ್ಟು ಚೆನ್ನಾಗಿದೆ ಅನ್ನೋದ್ರ ಮೇಲಷ್ಟೇ ನಿಂತಿಲ್ಲ. ವಯಸ್ಸು, ಬಿಪಿ, ಶುಗರ್, ಹಿಂದೆ ಸ್ಟ್ರೋಕ್ ಆಗಿತ್ತಾ ಇವೆಲ್ಲ ಸೇರಿಸಿ ಅಪಾಯದ ಲೆಕ್ಕ ಹಾಕ್ತಾರೆ, ಕೆಲವರಿಗೆ ಜೀವನಪೂರ್ತಿ ಬೇಕಾಗತ್ತೆ.

ಮೊದಲಿನಷ್ಟೇ ತುಳೀಬಹುದಾ?

ಆಗತ್ತೆ ಅನ್ನೋಕೆ ಉದಾಹರಣೆ ಇದಾವೆ. ಡಚ್ ರೈಡರ್ ರಾಬರ್ಟ್ ಗೆಸಿಂಕ್ 2014ರಲ್ಲಿ ಹೃದಯದ ರಿದಮ್‌ಗೆ ಚಿಕಿತ್ಸೆ ಮಾಡಿಸ್ಕೊಂಡು 2015ರ ಟೂರ್ ಡಿ ಫ್ರಾನ್ಸಲ್ಲಿ ಆರನೇ ಸ್ಥಾನಕ್ಕೆ ಬಂದ್ರು. ಇಟಲಿಯ ಎಲಿಯಾ ವಿವಿಯಾನಿ 2021ರ ಜನವರೀಲಿ ಅಬ್ಲೇಶನ್ ಮಾಡಿಸ್ಕೊಂಡು ಅದೇ ವರ್ಷ ಟೋಕಿಯೋ ಒಲಿಂಪಿಕ್ಸಿನ ಟ್ರ್ಯಾಕ್ ಸೈಕ್ಲಿಂಗ್ ಸ್ಪರ್ಧೆ ಆಮ್ನಿಯಂನಲ್ಲಿ ಕಂಚು ಗೆದ್ರು. ಓದೋಕೆ ಖುಷಿ ಆಗತ್ತೆ, ಆದ್ರೆ ಅವರ ಹಿಂದೆ ಟೀಮ್ ಡಾಕ್ಟ್ರುಗಳ ದಂಡೇ ಇರತ್ತೆ, ವಯಸ್ಸೂ ನಮ್ಮದಲ್ಲ.

ಆಗತ್ತಾ ಅನ್ನೋದಕ್ಕಿಂತ ಬೇಕಾ ಅನ್ನೋದು ನನ್ನ ಪ್ರಶ್ನೆ. ಸ್ವೀಡನ್ನಿನ 90 ಕಿ.ಮೀ. ಸ್ಕೀ ರೇಸ್ ವಾಸಲೋಪೆಟ್ ಮುಗಿಸಿದ 52,755 ಜನರ ಮೇಲೆ ಮಾಡಿದ ಅಧ್ಯಯನ 2013ರಲ್ಲಿ ಬಂತು, ಐದು ಅಥವಾ ಹೆಚ್ಚು ಸಲ ರೇಸ್ ಮುಗಿಸಿದವರಲ್ಲಿ ರಿದಮ್ ತೊಂದರೆ ಒಂದೇ ಸಲ ಮಾಡಿದವರಿಗಿಂತ ಸುಮಾರು 30% ಜಾಸ್ತಿ ಕಂಡಿತ್ತು, ಬೇಗ ಮುಗಿಸಿದವರಿಗೂ ಜಾಸ್ತಿ. ವ್ಯಾಯಾಮ ಕೆಟ್ಟದ್ದು ಅಂತಲ್ಲ, ವರ್ಷಾನುಗಟ್ಟಲೆ ವಿಪರೀತ ಒತ್ತಡ ಬಿದ್ರೆ ಹೃತ್ಕರ್ಣ ಹಿಗ್ಗಿ ಎಎಫಿಗೆ ಜಾಗ ಆಗತ್ತೆ ಅಂತ. ಅದನ್ನೇ ಮತ್ತೆ ಅದೇ ಡೋಸಲ್ಲಿ ಕೊಡೋದು ಯಾಕೆ? ವಾರಕ್ಕೆ ನಾಲ್ಕೈದು ದಿನ ಹಗುರ, ಒಂದು ದಿನ ಗಟ್ಟಿ, ಇಷ್ಟರಲ್ಲಿ ನನ್ನ ಆಸೆ ಮುಗಿಯತ್ತೆ ಈಗ. ಜೊತೆಗೆ ಬಿಪಿ, ತೂಕ ನೋಡ್ಕೊಳ್ಳಿ, ಮನೆಯವರು ಗೊರಕೆ ಅಂತ ದೂರು ಹೇಳ್ತಿದ್ರೆ ಸ್ಲೀಪ್ ಅಪ್ನಿಯಾ (ನಿದ್ದೇಲಿ ಉಸಿರು ಆಗಾಗ ನಿಲ್ಲೋದು) ಟೆಸ್ಟ್ ಮಾಡಿಸಿ. ರೈಡ್ ಮುಗಿದ ಮೇಲಿನ ಬಿಯರ್ ಕೂಡ ಲೆಕ್ಕಕ್ಕೆ ಬರತ್ತೆ, 2020ರ ಆಸ್ಟ್ರೇಲಿಯಾ ಟ್ರಯಲಲ್ಲಿ ಆರು ತಿಂಗಳು ಕುಡಿತ ಬಿಡೋಕೆ ಹೇಳಿದವರಲ್ಲಿ ಎಎಫ್ ಮರಳಿದ್ದು 53% ಜನಕ್ಕೆ, ಮಾಮೂಲಿನಂತೆ ಕುಡೀತಾ ಹೋದವರಲ್ಲಿ 73% ಜನಕ್ಕೆ.

ದೂರದ ಹುಚ್ಚು ಬಿಡೋಕಾಗಲ್ಲ ಅನ್ನೋರಿಗೆ ಬ್ರೆವೆ ಇದೆ, ರೇಸ್ ಅಲ್ಲ, ಗಡುವಿನೊಳಗೆ ಮುಗಿಸಿದ್ರೆ ಸಾಕು ಅನ್ನೋ ದೂರದ ರೈಡ್. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡ್ತಾರೆ, ಅಂದ್ರೆ ಊಟ ತಿಂಡಿ ಎಲ್ಲಾ ಸೇರಿ ಗಂಟೆಗೆ 15 ಕಿ.ಮೀ.ಗಿಂತ ಕಮ್ಮಿ ವೇಗ ಸಾಕು. ಆರು ತಿಂಗಳು ಆಗ್ಲಿ, ಡಾಕ್ಟ್ರು ಒಪ್ಲಿ, ಚಳಿಗಾಲದ ಒಂದು ಬ್ರೆವೆ ಆರಿಸ್ಕೊಳ್ಳಿ, ಪ್ರತಿ ಕಂಟ್ರೋಲಲ್ಲೂ (ದಾರಿಯ ಹಾಜರಿ ಜಾಗ) ಇಳಿದು ಇಡ್ಲಿ ತಿಂದು ನಾಡಿ ನೋಡ್ಕೊಂಡು ಹೊರಡಿ. ಮುಂದೆ ಹೋದವರು ಹೋಗ್ಲಿ ಬಿಡಿ.